ಡೊಂಕು ಟೇಬಲ್ಲಿನ ವಕೀಲರು

ಬೆಂಗಳೂರಿನ ಯಾವುದಾದರೂ ಸ್ನೂಕರ್ ಪಾರ್ಲರಿನಲ್ಲಿ ಸುಲಭದ ಪಾಟ್ ಒಂದನ್ನು ತಪ್ಪಿಸಿ, ‘ಟೇಬಲ್ ಎಳೀತಿದೆ’ ಎಂದು ಹೇಳಿ ನೋಡಿ. ಮಾತು ಮುಗಿಯುವುದರೊಳಗೆ ಗೋಡೆ ಬದಿಯ ಬೆಂಚಿನಿಂದ ಗಾದೆ ಹಾರಿ ಬರುತ್ತದೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸುತ್ತಲಿದ್ದವರು ನಗುತ್ತಾರೆ, ನೀವೂ ಪೆಚ್ಚಾಗಿ ನಗುತ್ತೀರಿ, ದೂರು ಅಲ್ಲಿಗೇ ವಜಾ.

ನಮ್ಮ ಪಾರ್ಲರ್ ಮಾಲೀಕರಿಗೆ ಈ ಗಾದೆ ಮಾಡಿದಷ್ಟು ಉಪಕಾರವನ್ನು ಯಾವ ಜಾಹೀರಾತೂ ಮಾಡಿಲ್ಲ. ಯಾವ ಹಾಲ್ ಚೆನ್ನಾಗಿದೆ ಎಂದು ಆಡುವವರನ್ನೇ ಕೇಳಿ. ಎಸಿ ಇದೆ, ಗಾಡಿ ನಿಲ್ಲಿಸಲು ಜಾಗ ಇದೆ, ರಾತ್ರಿ ತಡವಾಗಿ ತೆರೆದಿರುತ್ತದೆ, ಮ್ಯಾಗಿ ಸಿಗುತ್ತದೆ, ಗಂಟೆಗೆ ಇಷ್ಟು ಎಂದು ಪಟ್ಟಿ ಕೊಡುತ್ತಾರೆ. ಟೇಬಲ್ ಹೇಗಿದೆ ಎಂದರೆ, ‘ಎಲ್ಲ ಕಡೆ ಇರೋ ಹಾಗೇ ಇದೆ ಗುರು, ಆಡೋನಿಗೆ ಯಾವ ಟೇಬಲ್ ಆದ್ರೇನು?’ ಎನ್ನುತ್ತಾರೆ. ಹೋಟೆಲಿನ ಕುರ್ಚಿ, ಫ್ಯಾನು, ಬಿಲ್ಲನ್ನೆಲ್ಲ ವರ್ಣಿಸಿ ದೋಸೆಯ ಬಗ್ಗೆ ಮಾತ್ರ ‘ದೋಸೆ ದೋಸೆ ಥರ ಇದೆ’ ಎಂದಂತಾಯಿತು.

ಟೇಬಲ್ ನೆಪ, ಕೈ ಮುಖ್ಯ ಎಂಬುದು ಈ ಊರಿನ ಸರ್ವಸಮ್ಮತ ಅಭಿಪ್ರಾಯ. ಅದು ತಪ್ಪು ಎಂಬುದು ನನ್ನ ವಾದ. ಈ ತಪ್ಪಿನಿಂದ ಸೋಮಾರಿ ಮಾಲೀಕನಿಗೆ ಲಾಭ, ಕಲಿಯುವ ಹುಡುಗನಿಗೆ ನಷ್ಟ. ಡೊಂಕು ಟೇಬಲ್ಲಿನ ಪರವಾಗಿ ವಕಾಲತ್ತು ವಹಿಸುವವರ ವಾದಗಳು ಹೆಚ್ಚೇನಿಲ್ಲ, ನಾಲ್ಕೈದು. ಒಂದೊಂದನ್ನೇ ತೆಗೆದುಕೊಳ್ಳೋಣ. ಅದಕ್ಕೆ ಮೊದಲು ನೆಲ ಡೊಂಕು ಎಂದರೆ ಎಷ್ಟು ಡೊಂಕು ಎಂಬುದು ಇತ್ಯರ್ಥವಾಗಲಿ. ಇದು ಅಳತೆಗೆ ಸಿಗುವ ವಿಷಯ.

ಪೂಲ್ ಆಟದ ವಿಶ್ವ ಸಂಸ್ಥೆಯಾದ ಡಬ್ಲ್ಯುಪಿಎ ಟೇಬಲ್ಲಿನ ಬಗ್ಗೆ ಬರೆದಿಟ್ಟ ನಿಯಮ ಓದಿದರೆ ನಮ್ಮ ಪಾರ್ಲರುಗಳ ಬಗ್ಗೆ ನಗು ಬರುತ್ತದೆ. ಒಂಬತ್ತು ಅಡಿಯ ಟೇಬಲ್ಲಿನ ಆಟದ ಅಂಗಳ 100 ಅಂಗುಲ ಉದ್ದ, 50 ಅಂಗುಲ ಅಗಲ. ಉದ್ದಕ್ಕೆ ಇರಬಹುದಾದ ಏರುಪೇರು ಅಂಗುಲದ ನೂರರಲ್ಲಿ ಎರಡು ಪಾಲು, ಅಂದರೆ ಸುಮಾರು ಅರ್ಧ ಮಿಲಿಮೀಟರ್. ಅಗಲಕ್ಕೆ ಅದರ ಅರ್ಧ. ಕೆಳಗಿನ ಸ್ಲೇಟು ಕಲ್ಲು ಒಂದು ಅಂಗುಲಕ್ಕೆ ಕಡಿಮೆ ಇರಕೂಡದು. ಚೆಂಡಿನ ವ್ಯಾಸ 57.15 ಮಿಲಿಮೀಟರ್ ಆದರೆ, ಕುಷನ್ನಿನ ರಬ್ಬರ್ ಮೂಗು ಆ ವ್ಯಾಸದ ಶೇ. 63.5ರಷ್ಟು ಎತ್ತರದಲ್ಲಿರಬೇಕು. ಹೆಚ್ಚುಕಡಿಮೆ ಶೇ. 1 ಮಾತ್ರ. ಮೂಲೆ ಪಾಕೆಟ್ಟಿನ ಬಾಯಿ ನಾಲ್ಕೂವರೆ ಅಂಗುಲದಿಂದ ನಾಲ್ಕೂವರೆಯ ಮೇಲೆ ಎಂಟನೇ ಒಂದು ಅಂಗುಲದವರೆಗೆ. ಟೇಬಲ್ಲಿನ ಮೇಲೆ ಬೀಳುವ ಬೆಳಕೂ ಕನಿಷ್ಠ 520 ಲಕ್ಸ್ ಇರಬೇಕು. ಸ್ನೂಕರಿನದು ಇನ್ನೂ ದೊಡ್ಡ ಅಂಗಳ: 11 ಅಡಿ 8½ ಅಂಗುಲ ಉದ್ದ, 5 ಅಡಿ 10 ಅಂಗುಲ ಅಗಲ. ಅದರ ಮೇಲೆ ಓಡುವ ಚೆಂಡು ಇನ್ನೂ ಚಿಕ್ಕದು, 52.5 ಮಿಲಿಮೀಟರ್. ಇಪ್ಪತ್ತೆರಡು ಚೆಂಡುಗಳ ಇಡೀ ಸೆಟ್ಟಿನಲ್ಲಿ ತೂಕದ ವ್ಯತ್ಯಾಸ 3 ಗ್ರಾಂ ಮೀರುವಂತಿಲ್ಲ.

ಟೇಬಲ್ ಮುಖ್ಯವಲ್ಲ ಎಂದಾದರೆ ಅರ್ಧ ಮಿಲಿಮೀಟರಿಗೆ ಜಗಳವಾಡುವ ಈ ನಿಯಮ ಯಾರಿಗಾಗಿ? ಈ ಆಟದ ಕಾರ್ಖಾನೆಗಳ ಇನ್ನೂರು ವರ್ಷದ ಶ್ರಮವಾದರೂ ಯಾಕಾಗಿ? ಮರದ ಹಲಗೆಯ ಮೇಲೆ ಬಟ್ಟೆ ಹೊದಿಸಿ ಆಡುತ್ತಿದ್ದ ಕಾಲದಲ್ಲಿ ಮರ ಸೊಟ್ಟಗಾಗುತ್ತದೆ ಎಂಬ ಒಂದೇ ತಲೆನೋವಿಗಾಗಿ ಲಂಡನ್ನಿನ ಜಾನ್ ಥರ್ಸ್ಟನ್ 1826ರಲ್ಲಿ ಸ್ಲೇಟು ಕಲ್ಲಿಗೆ ಬಂದ. 1835ರಲ್ಲಿ ರಬ್ಬರಿನ ಕುಷನ್ ತಂದ. ಚಳಿಗೆ ಅದು ಕಲ್ಲಿನಂತಾಗುತ್ತಿತ್ತು. ಆಟಕ್ಕೆ ಮೊದಲು ಬಿಸಿನೀರಿನ ತಗಡು ಡಬ್ಬಿ ಇಟ್ಟು ಮೆತ್ತಗೆ ಮಾಡಿಕೊಳ್ಳುತ್ತಿದ್ದರು. ಹದ ಮಾಡಿದ ವಲ್ಕನೈಸ್ಡ್ ರಬ್ಬರ್ ಬಂದ ಮೇಲಷ್ಟೇ ಆ ಕಷ್ಟ ತಪ್ಪಿತು. ಇವತ್ತಿನ ದೊಡ್ಡ ಪಂದ್ಯಗಳಲ್ಲಿ ಬಟ್ಟೆಗೆ ತೇವ ಹಿಡಿಯದಿರಲೆಂದು ಕಲ್ಲಿನ ಕೆಳಗೇ ಹೀಟರ್ ಇಟ್ಟಿರುತ್ತಾರೆ. ಆಡುವವನಿಗೆ ಯಾವ ಟೇಬಲ್ ಆದರೇನು ಎಂದು ಇವರಾರಿಗೂ ಅನ್ನಿಸಲಿಲ್ಲ.

ಈಗ ವಕೀಲರ ಮೊದಲ ವಾದ: ಒಳ್ಳೆಯ ಆಟಗಾರ ಟೇಬಲ್ಲನ್ನು ದೂರುವುದಿಲ್ಲ. ನಿಜವೇ? ಏಳು ಸಲ ವಿಶ್ವ ಚಾಂಪಿಯನ್ ಆದ ರಾನಿ ಒ'ಸಲಿವನ್ ಟೇಬಲ್ಲಿನ ಸ್ಥಿತಿಯ ಬಗ್ಗೆ ಬಹಿರಂಗವಾಗಿ ಗೊಣಗಿದ್ದಾರೆ. ವೃತ್ತಿಪರ ಆಟಗಾರರ ಸಂದರ್ಶನಗಳನ್ನು ನೋಡಿದವರಿಗೆ ಗೊತ್ತು, ಕುಷನ್ ಹೆಚ್ಚು ಚಿಮ್ಮುತ್ತಿದೆ, ಬಟ್ಟೆ ಭಾರ ಇದೆ, ಚೆಂಡಿಗೆ ಕಿಕ್ ಬರುತ್ತಿದೆ ಎಂಬುದು ಅವರ ನಿತ್ಯದ ಮಾತು. ಇವರೆಲ್ಲ ಕುಣಿಯಲಾರದವರೇ? ದೂರುವವನಿಗೆ ಆಟ ಬರುವುದಿಲ್ಲ ಎಂಬುದು ಸುಳ್ಳು ಲೆಕ್ಕ. ಆಟ ಬಂದಷ್ಟೂ ಟೇಬಲ್ಲಿನ ದೋಷ ಹೆಚ್ಚು ಕಾಣುತ್ತದೆ. ಹೊಸಬನಿಗೆ ಕಾಣುವುದೇ ಇಲ್ಲ, ಏಕೆಂದರೆ ಅವನ ಚೆಂಡು ಹೇಗೂ ಅಂದುಕೊಂಡಲ್ಲಿಗೆ ಹೋಗುವುದಿಲ್ಲ.

ಈ ವಾದದ ನಿಜವಾದ ಕೇಡು ಇರುವುದು ಅಲ್ಲೇ. ಹೊಸಬ ಒಂದು ಕೆಂಪು ಚೆಂಡನ್ನು ನಿಧಾನವಾಗಿ ತಳ್ಳುತ್ತಾನೆ. ಅದು ಪಾಕೆಟ್ಟಿನ ದವಡೆಗೆ ತಾಗಿ ನಿಲ್ಲುತ್ತದೆ. ಅವನ ಗುರಿ ತಪ್ಪಿತೇ, ಬಿಳಿ ಚೆಂಡಿಗೆ ಗೊತ್ತಿಲ್ಲದೆ ಸೈಡ್ (ಪಕ್ಕದ ತಿರುಗು) ಬಿತ್ತೇ, ಭುಜ ಅಲುಗಿತೇ ಅಥವಾ ಟೇಬಲ್ ಎಳೆಯಿತೇ? ನೇರ ಟೇಬಲ್ಲಿನಲ್ಲಿ ಕೊನೆಯ ಪ್ರಶ್ನೆ ಇಲ್ಲ. ತಪ್ಪು ನಿನ್ನದೇ ಎಂದು ಟೇಬಲ್ ಮುಖಕ್ಕೆ ಹೊಡೆದಂತೆ ಹೇಳುತ್ತದೆ, ಅವನು ತಿದ್ದಿಕೊಳ್ಳುತ್ತಾನೆ. ಡೊಂಕು ಟೇಬಲ್ಲಿನಲ್ಲಿ ಸರಿ ಹೊಡೆದದ್ದು ತಪ್ಪುತ್ತದೆ, ತಪ್ಪು ಹೊಡೆದದ್ದು ಒಳಗೆ ಬೀಳುತ್ತದೆ. ಹುಡುಗ ಸರಿಯಿದ್ದ ಕೈಯನ್ನು ಕೆಡಿಸಿಕೊಳ್ಳುತ್ತಾನೆ, ಕೆಟ್ಟಿದ್ದ ಕೈಯನ್ನು ಗಟ್ಟಿ ಮಾಡಿಕೊಳ್ಳುತ್ತಾನೆ. ಕೆಟ್ಟ ಟೇಬಲ್ ಆಟವನ್ನು ಕಷ್ಟ ಮಾಡುತ್ತದೆ ಎಂದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ತಪ್ಪು ಯಾರದು ಎಂಬ ಲೆಕ್ಕವನ್ನೇ ಅದು ಅಳಿಸಿಹಾಕುತ್ತದೆ. ತನ್ನ ತಪ್ಪು ತನಗೆ ತಿಳಿಯದ ಕಡೆ ಕಲಿಕೆ ಎಂಬುದು ಹುಟ್ಟುವುದೇ ಇಲ್ಲ.

ಎರಡನೆಯ ವಾದ ಮೊದಲನೆಯದಕ್ಕಿಂತ ಜಾಣತನದ್ದು: ಟೇಬಲ್ ಡೊಂಕಿರಬಹುದು, ಆದರೆ ಇಬ್ಬರಿಗೂ ಒಂದೇ ಟೇಬಲ್ ತಾನೇ? ಅನ್ಯಾಯ ಎಲ್ಲಿ ಬಂತು?

ದಕ್ಷಿಣ ಬೆಂಗಳೂರಿನ ಒಂದು ನೆಲಮಾಳಿಗೆ ಪಾರ್ಲರಿನಲ್ಲಿ ಗೋಡೆಗೆ ಹತ್ತಿರದ ಟೇಬಲ್ ಒಂದಿತ್ತು. ನೀಲಿ ಚೆಂಡಿನ ಆಸುಪಾಸಿನಿಂದ ಯೆಲ್ಲೋ ಪಾಕೆಟ್ಟಿನ (ಹಳದಿ ಚೆಂಡಿನ ಬದಿಯ ಮೂಲೆ) ಕಡೆಗೆ ನಿಧಾನವಾಗಿ ಬಿಟ್ಟ ಚೆಂಡು ಮುಕ್ಕಾಲು ದಾರಿ ನೆಟ್ಟಗೆ ಹೋಗಿ, ಕೊನೆಯ ಗೇಣಿನಲ್ಲಿ ಪಕ್ಕದ ಕುಷನ್ನಿಗೆ ವಾಲುತ್ತಿತ್ತು. ಅಲ್ಲಿನ ಖಾಯಂ ಗಿರಾಕಿಗಳಿಗೆ ಇದು ಬಾಯಿಪಾಠ. ಅವರು ಆ ಪಾಕೆಟ್ಟಿಗೆ ಒಂದೋ ಜೋರಾಗಿ ಹೊಡೆಯುತ್ತಿದ್ದರು, ಇಲ್ಲವೇ ಅರ್ಧ ಚೆಂಡಿನಷ್ಟು ಆಚೆಗೆ ಗುರಿ ಇಡುತ್ತಿದ್ದರು. ಹೊರಗಿನಿಂದ ಬಂದ ಹುಡುಗ ಪಾಠ ಹೇಳಿಕೊಟ್ಟಂತೆ ನಾಜೂಕಾಗಿ ಆಡಿ ಚೆಂಡು ಬಿಟ್ಟುಕೊಡುತ್ತಿದ್ದ. ತಮ್ಮವರಲ್ಲೇ ಒಬ್ಬ ಮರೆತು ಮೆಲ್ಲಗೆ ಆಡಹೊರಟರೆ, ‘ಮಗಾ, ಅಲ್ಲಿ ಎಳೀತದೆ’ ಎಂಬ ಎಚ್ಚರಿಕೆ ಬರುತ್ತಿತ್ತು. ಹೊಸಬನಿಗೆ ಮಾತ್ರ ಯಾರೂ ಹೇಳುತ್ತಿರಲಿಲ್ಲ. ಫ್ರೇಮ್ ಮುಗಿದ ಮೇಲೆ ಅವನು ಟೇಬಲ್ ದುಡ್ಡು ಕಟ್ಟುತ್ತಿದ್ದ. ಸೋತವನು ದುಡ್ಡು ಕಟ್ಟುವುದು ನಮ್ಮ ಪಾರ್ಲರುಗಳ ಅಲಿಖಿತ ಸಂವಿಧಾನ.

ಇಬ್ಬರಿಗೂ ಒಂದೇ ಟೇಬಲ್ ಎನ್ನುವವರು ಇದಕ್ಕೆ ಏನೆನ್ನುತ್ತಾರೆ? ಗೊತ್ತಿರುವವನಿಗೆ ಗೊತ್ತಿಲ್ಲದವನು ಕಟ್ಟುವ ತೆರಿಗೆ ಇದು. ಬದಿಯಲ್ಲಿ ದುಡ್ಡು ಕಟ್ಟಿ ಆಡುವ ಕಡೆ ತೆರಿಗೆ ಇನ್ನೂ ದೊಡ್ಡದು. ಡೊಂಕನ್ನು ಸರಿಮಾಡಿಸಿ ಎಂದು ಖಾಯಂ ಗಿರಾಕಿಗಳು ಯಾಕೆ ಒತ್ತಾಯಿಸುವುದಿಲ್ಲ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಗಾದೆ ಹೇಳಿ ನಗುವ ಆ ಬೆಂಚಿನ ಮೇಲೆ ಕೂತವರು ಬಹುಪಾಲು ಅವರೇ.

ಮೂರನೆಯ ವಾದ ಸಂಕಟವನ್ನೇ ಸಾಧನೆ ಎನ್ನುವವರದು. ಕೆಟ್ಟ ಟೇಬಲ್ಲಿನಲ್ಲಿ ಕಲಿತವನು ಎಲ್ಲಿ ಬೇಕಾದರೂ ಆಡಿಯಾನು, ಕಷ್ಟದಲ್ಲಿ ಬೆಳೆದ ಗಿಡ ಗಟ್ಟಿ ಎನ್ನುತ್ತಾರೆ. ಕೇಳಲು ಚೆನ್ನ. ಕೈ ಏನು ಕಲಿಯುತ್ತದೆ ಎಂದು ನೋಡಿದರೆ ಮಾತ್ರ ಬಣ್ಣ ಬಯಲಾಗುತ್ತದೆ. ಎಳೆಯುವ ಟೇಬಲ್ಲಿನಲ್ಲಿ ನಿಧಾನದ ಹೊಡೆತ ಕೈಕೊಡುತ್ತದೆ. ಹಾಗಾಗಿ ಹುಡುಗ ಎಲ್ಲವನ್ನೂ ಜೋರಾಗಿ ಹೊಡೆಯಲು ಕಲಿಯುತ್ತಾನೆ. ಜೋರಾಗಿ ಬಂದ ಚೆಂಡಿಗೆ ಪಾಕೆಟ್ಟಿನ ಬಾಯಿ ಕಿರಿದಾಗುತ್ತದೆ. ಮೆಲ್ಲಗೆ ಬಂದಿದ್ದರೆ ದವಡೆಗೆ ತಾಗಿಯೂ ಒಳಗೆ ಬೀಳಬಹುದಾಗಿದ್ದ ಚೆಂಡು ಎರಡೂ ಬದಿಗೆ ಬಡಿದು ಆಚೆ ಬರುತ್ತದೆ. ಇಲ್ಲಿ ಮಾಲೀಕ ಇನ್ನೊಂದು ಉಪಾಯ ಮಾಡಿರುತ್ತಾನೆ, ಪಾಕೆಟ್ ಅಗಲ ಮಾಡಿಸಿರುತ್ತಾನೆ. ಹುಡುಗನಿಗೆ ಕೈ ಕುದುರಿತು ಅನ್ನಿಸುತ್ತದೆ. ಅದೇ ಕೈಯನ್ನು ಹಿಡಿದುಕೊಂಡು ರಾಜ್ಯಮಟ್ಟದ ಪಂದ್ಯಕ್ಕೆ ಹೋದ ದಿನ ಹೊಸ ಬಟ್ಟೆ, ಬಿಗಿ ಪಾಕೆಟ್, ಜೀವಂತ ಕುಷನ್ ಎದುರಾಗುತ್ತವೆ. ಮೊದಲ ಸುತ್ತಿನಲ್ಲೇ ಮನೆಗೆ.

ಕುಷನ್ನಿನ ಕಥೆಯೂ ಅಷ್ಟೇ. ಡೆಡ್ ಆದ ಕುಷನ್ನಿನಿಂದ ಚೆಂಡು ಹೊರಡಬೇಕಾದರೆ ಬಲ ಹಾಕಬೇಕು. ಬಲ ಹಾಕಿದಷ್ಟೂ ಅದು ಹೊರಬೀಳುವ ಕೋನ ಬದಲಾಗುತ್ತದೆ. ಅಲ್ಲಿ ಬಾಯಿಪಾಠ ಮಾಡಿದ ಕೋನ ಇನ್ನೊಂದು ಟೇಬಲ್ಲಿನಲ್ಲಿ ಸುಳ್ಳು. ಎಲ್ಲಿ ಬೇಕಾದರೂ ಆಡಬಲ್ಲವನು ಎಂದು ಹೊಗಳಿಸಿಕೊಂಡವನು ತನ್ನ ಬೀದಿಯ ಒಂದು ಟೇಬಲ್ಲಿನಲ್ಲಿ ಮಾತ್ರ ಆಡಬಲ್ಲವನಾಗಿರುತ್ತಾನೆ.

ಚಾಂಪಿಯನ್ನರ ಹೆಸರು ಹೇಳುವುದು ಈ ಮೂರನೆಯ ವಾದದವರ ಕೊನೆಯ ಅಸ್ತ್ರ. 1958ರಲ್ಲಿ ವಿಶ್ವ ಬಿಲಿಯರ್ಡ್ಸ್ ಗೆದ್ದು ಸ್ವತಂತ್ರ ಭಾರತಕ್ಕೆ ಆ ಆಟದ ಮೊದಲ ವಿಶ್ವ ಪ್ರಶಸ್ತಿ ತಂದ ವಿಲ್ಸನ್ ಜೋನ್ಸ್ ಕಾಲದಲ್ಲಿ ಹೀಟರ್ ಇತ್ತೇ ಎಂದು ಕೇಳುತ್ತಾರೆ. ಹೀಟರ್ ಇರಲಿಕ್ಕಿಲ್ಲ. ಆದರೆ ನಮ್ಮ ದೇಶದಲ್ಲಿ ಈ ಆಟ ಬಹುಕಾಲ ಉಳಿದದ್ದೇ ಕ್ಲಬ್ಬುಗಳ ಬಿಲಿಯರ್ಡ್ಸ್ ಕೋಣೆಗಳಲ್ಲಿ. ಅಲ್ಲಿ ತಲೆಮಾರುಗಟ್ಟಲೆ, ಸ್ಕೋರ್ ಬರೆದು ಟೇಬಲ್ ನೋಡಿಕೊಳ್ಳುವ ಮಾರ್ಕರುಗಳು ಟೇಬಲ್ಲನ್ನು ದೇವರ ಪೀಠದಂತೆ ನೋಡಿಕೊಂಡರು. ನಮ್ಮ ಊರಿನ ಪಂಕಜ್ ಅಡ್ವಾಣಿ ಅರವಿಂದ ಸವೂರ್ ಅವರ ಕೈಯಲ್ಲಿ ಪಳಗಿದವರು, ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಟೇಬಲ್ಲುಗಳಲ್ಲಿ ಬೆಳೆದವರು. 2003ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದಾಗ ಅವರ ಕೈಯಲ್ಲಿದ್ದದ್ದು ಸರಿಯಾದ ಟೇಬಲ್ಲು ಮತ್ತು ಸರಿಯಾದ ಗುರು ಕೂಡಿ ಕೊಟ್ಟ ವಿದ್ಯೆ. ಡೊಂಕು ಟೇಬಲ್ಲಿಗೆ ಅದರಲ್ಲಿ ಪಾಲು ಕೇಳುವ ಹಕ್ಕಿಲ್ಲ. 2014ರಲ್ಲಿ ಬೆಂಗಳೂರಿನಲ್ಲೇ ನಡೆದ ಐಬಿಎಸ್‌ಎಫ್ ವಿಶ್ವ ಸ್ನೂಕರ್ ಪಂದ್ಯಾವಳಿಯನ್ನು ಗೆದ್ದದ್ದು ಚೀನಾದ ಹದಿನಾಲ್ಕು ವರ್ಷದ ಯಾನ್ ಬಿಂಗ್‌ಟಾವ್. ಅಷ್ಟು ಚಿಕ್ಕ ವಯಸ್ಸಿಗೆ ಅಂಥ ಕೈ ಬರಬೇಕಾದರೆ, ಕಲಿತದ್ದನ್ನು ಮರೆತು ಮತ್ತೆ ಕಲಿಯುವುದರಲ್ಲಿ ವರ್ಷ ಕಳೆಯಲು ಸಮಯವೆಲ್ಲಿ?

ನಾಲ್ಕನೆಯ ವಾದ ದುಡ್ಡಿದ್ದವರದು. ಡೊಂಕು ಟೇಬಲ್ ಎಲ್ಲ ಹಳೆ ನೆಲಮಾಳಿಗೆಗಳ ಕಥೆ, ಈಗ ಹೊಸ ಲೌಂಜ್‌ಗಳು ಬಂದಿವೆ, ಎಲ್ಲ ಇಂಪೋರ್ಟೆಡ್ ಟೇಬಲ್ ಎನ್ನುತ್ತಾರೆ. ಟೇಬಲ್ಲಿನ ಬದಿಗೆ ಹೊಡೆದ ಹಿತ್ತಾಳೆ ಫಲಕವನ್ನು ಓದಿ ತೃಪ್ತರಾಗುವವರು ಇವರು.

ಫಲಕ ಹೇಳುವುದು ಟೇಬಲ್ಲನ್ನು ಮಾಡಿದವರು ಯಾರು ಎಂದು. ಕೂರಿಸಿದವರು ಯಾರು, ನೋಡಿಕೊಳ್ಳುವವರು ಯಾರು ಎಂದು ಅದು ಹೇಳುವುದಿಲ್ಲ. ಪೂರ್ಣ ಅಳತೆಯ ಸ್ನೂಕರ್ ಟೇಬಲ್ ಸುಮಾರು ಒಂದೂವರೆ ಟನ್ ತೂಗುತ್ತದೆ. ಅದರ ಕಲ್ಲು ಒಂದೇ ಚಪ್ಪಡಿ ಅಲ್ಲ, ಐದು ತುಂಡು. ಫಿಟ್ಟರ್ ಅವನ್ನು ಜೋಡಿಸಿ, ಸಂದು ಮುಚ್ಚಿ, ಮಟ್ಟಗೋಲು ಇಟ್ಟು ಮಿಲಿಮೀಟರಿನ ಪಾಲುಗಳಲ್ಲಿ ಎತ್ತರಿಸಿ ತಗ್ಗಿಸಿ ಕೂರಿಸಬೇಕು. ಅಷ್ಟು ಭಾರ ಹೊತ್ತ ನೆಲ ಕುಳಿತುಕೊಳ್ಳುತ್ತದೆ, ಕಾಲು ಇಳಿಯುತ್ತದೆ. ಕೆಲವು ತಿಂಗಳ ಮೇಲೆ ಮತ್ತೆ ಮಟ್ಟ ನೋಡಲೇಬೇಕು. ಇಂಗ್ಲೆಂಡಿನಿಂದ ಬಂದ ಟೇಬಲ್ಲಾದರೂ ಚೀನಾದ್ದಾದರೂ, ನಮ್ಮವರೇ ಮಾಡಿದ ವಿರಾಕಾ ಆದರೂ ಇದರಿಂದ ಯಾವುದಕ್ಕೂ ವಿನಾಯಿತಿ ಇಲ್ಲ. ಒಂದು ಸಲ ಕೂರಿಸಿ ಐದು ವರ್ಷ ಮುಟ್ಟದ ಹೆಸರುವಾಸಿ ಟೇಬಲ್ಲಿಗಿಂತ ತಿಂಗಳಿಗೊಮ್ಮೆ ಕೈಯಾಡಿಸಿದ ಸಾಧಾರಣ ಟೇಬಲ್ ಮೇಲು.

ಲೌಂಜ್‌ಗಳ ವಿಚಾರಕ್ಕೆ ಬಂದರೆ, ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು. ಕೋರಮಂಗಲ, ಇಂದಿರಾನಗರದ ಎಷ್ಟೋ ಪಬ್ಬುಗಳಲ್ಲಿ ಪೂಲ್ ಟೇಬಲ್ ಎಂಬುದು ಸೋಫಾದ ಹಾಗೆ ಒಂದು ಪೀಠೋಪಕರಣ. ಮೇಲೆ ನೀಲಿ ಎಲ್‌ಇಡಿ, ಕೆಳಗೆ ಚೆಂಡಿನ ನೆರಳು ಯಾವುದು ಚೆಂಡು ಯಾವುದು ಎಂದು ತಿಳಿಯದಷ್ಟು ಮಬ್ಬು. ರೈಲಿನ ಮೇಲೆ ಬಿಯರ್ ಗ್ಲಾಸಿನ ಉಂಗುರ. ಬಟ್ಟೆಯ ಮೇಲೆ ಎಣ್ಣೆ ಕೈಯ ಗುರುತು. ಗೋಡೆಗೆ ನಿಲ್ಲಿಸಿದ ಕ್ಯೂಗಳಲ್ಲಿ ಒಂದಕ್ಕೂ ತುದಿಯ ಚರ್ಮ ಗುಂಡಗಿಲ್ಲ. ಅಗ್ಗದ ಟೇಬಲ್ಲಾದರೆ ಕಲ್ಲೇ ಇರುವುದಿಲ್ಲ, ಎಂಡಿಎಫ್ ಹಲಗೆ. ಒಂದು ಮಳೆಗಾಲದ ತೇವ ಕುಡಿದರೆ ಅದು ಉಬ್ಬುತ್ತದೆ. ಅಲ್ಲಿ ಒಂದು ಗಂಟೆಗೆ ಕೊಡುವ ದುಡ್ಡಿನಲ್ಲಿ ರಾಜಾಜಿನಗರದ ನೆಲಮಾಳಿಗೆಯಲ್ಲಿ ಎರಡು ಗಂಟೆ ಆಡಬಹುದು.

ಹಳೆ ಕ್ಲಬ್ಬುಗಳ ಟೇಬಲ್ಲುಗಳು ಇವೆಲ್ಲಕ್ಕಿಂತ ಮೇಲು. ಅಲ್ಲಿ ಮಾರ್ಕರ್ ಎಂಬ ಹುದ್ದೆಗೆ ಇನ್ನೂ ಮಾನ ಉಳಿದಿದೆ. ಆದರೆ ಸದಸ್ಯನಲ್ಲದವನಿಗೆ ಆ ಬಾಗಿಲು ತೆರೆಯದು. ಸಾಮಾನ್ಯ ಹುಡುಗನ ಪಾಲಿಗೆ ಉಳಿಯುವುದು ಬಡಾವಣೆಯ ಪಾರ್ಲರ್. ಅದರ ಗುಣ ನಿಂತಿರುವುದು ಬೆಳಗ್ಗೆ ಮೊದಲು ಬಂದು ಶಟರ್ ಎತ್ತುವ ಒಬ್ಬ ಮನುಷ್ಯನ ಮೇಲೆ.

ಒಳ್ಳೆಯ ಮಾರ್ಕರ್ ಕೆಲಸ ಮಾಡುವುದನ್ನು ಒಮ್ಮೆ ನಿಂತು ನೋಡಬೇಕು. ಹೊದಿಕೆ ತೆಗೆದು ಮಡಿಸಿಟ್ಟು, ಉದ್ದನೆಯ ಬ್ರಷ್ ಹಿಡಿದು ಆಟ ಶುರುವಾಗುವ ಬಾಲ್ಕ್ ಕಡೆಯಿಂದ ಕಪ್ಪು ಚೆಂಡಿನ ತುದಿಗೆ ಒಂದೇ ದಿಕ್ಕಿನಲ್ಲಿ ಗುಡಿಸುತ್ತಾರೆ. ಸ್ನೂಕರ್ ಬಟ್ಟೆಯ ಉಣ್ಣೆಗೆ ನ್ಯಾಪ್ ಎಂಬ ರೋಮ ಇದೆ, ಅದು ಆ ದಿಕ್ಕಿಗೇ ಮಲಗಿರಬೇಕು. ಹಿಂದಕ್ಕೆ ಒಂದು ಸಲ ಎಳೆದರೂ ಕೆಲಸ ಕೆಟ್ಟಿತು. ಕುಷನ್ನಿನ ತುಟಿಯ ಕೆಳಗೆ ಸೇರಿದ ಚಾಕ್ ಪುಡಿಯನ್ನು ಬ್ರಷ್ಷಿನ ಮೂಲೆಯಿಂದ ಹೊರಗೆಳೆಯುತ್ತಾರೆ. ಆಮೇಲೆ ಇಸ್ತ್ರಿ. ಇಟ್ಟಿಗೆಯಂತೆ ಭಾರದ, ಚಪ್ಪಟೆ ತಳದ ಪೆಟ್ಟಿಗೆ. ಕಾದಿದೆಯೇ ಎಂದು ಮೊದಲು ಹಳೆಯ ದಿನಪತ್ರಿಕೆಯ ಮೇಲೆ ಒತ್ತಿ ನೋಡುತ್ತಾರೆ. ಕಾಗದ ಕಂದು ತಿರುಗಿದರೆ ಕಾಯುತ್ತಾರೆ. ಹದಕ್ಕೆ ಬಂದ ಮೇಲೆ ಬಾಲ್ಕಿನಿಂದ ಆ ತುದಿಯವರೆಗೆ ಎಲ್ಲೂ ನಿಲ್ಲಿಸದೆ ಒಂದೊಂದೇ ಪಟ್ಟೆ. ನಿಲ್ಲಿಸಿದಲ್ಲಿ ಬಟ್ಟೆ ಸುಡುತ್ತದೆ. ಕೊನೆಗೆ ಒಂದು ಚೆಂಡನ್ನು ಬೆರಳಿನಿಂದ ಮೆಲ್ಲಗೆ ಉರುಳಿಬಿಟ್ಟು, ಅದು ನಿಲ್ಲುವವರೆಗೂ ಬಗ್ಗಿ ನೋಡುತ್ತಾರೆ. ಇಷ್ಟಕ್ಕೆ ಬೇಕಾದದ್ದು ಬ್ರಷ್ಷು, ಇಸ್ತ್ರಿ, ಅರ್ಧ ಗಂಟೆ. ಇಷ್ಟು ಮಾಡಿದ ಟೇಬಲ್ಲಿಗೂ ಮಾಡದ ಟೇಬಲ್ಲಿಗೂ ಇರುವ ವ್ಯತ್ಯಾಸವನ್ನು ಯಾವ ಹಿತ್ತಾಳೆ ಫಲಕವೂ ಮುಚ್ಚಲಾರದು. ಮಾಲೀಕರ ಲೆಕ್ಕದಲ್ಲಾದರೋ ಇವರು ಸ್ಕೋರ್ ಬರೆಯುವವರು, ಚೆಂಡು ಜೋಡಿಸುವವರು, ಪುರಸೊತ್ತಿದ್ದರೆ ಚಹಾ ತರುವವರು.

ಐದನೆಯ ವಾದಕ್ಕೆ ಬಂದೆ. ಗಂಟೆಗೆ ಇನ್ನೂರು ಮುನ್ನೂರು ರೂಪಾಯಿಗೆ ಇನ್ನೇನು ನಿರೀಕ್ಷಿಸುತ್ತೀರಿ, ಬಾಡಿಗೆ ಕಟ್ಟಬೇಕು, ಕರೆಂಟ್ ಬಿಲ್ ಕಟ್ಟಬೇಕು, ಬಟ್ಟೆ ದುಬಾರಿ ಎಂಬುದು ಮಾಲೀಕರ ಅಳಲು. ಇದರಲ್ಲಿ ಅರ್ಧ ಸತ್ಯ ಇದೆ. ಒಳ್ಳೆಯ ಉಣ್ಣೆ ಬಟ್ಟೆ, ಬೆಲ್ಜಿಯಂನ ಅರಾಮಿತ್ ಚೆಂಡು ಅಗ್ಗವಲ್ಲ. ಆದರೆ ನಾನು ದೂರುತ್ತಿರುವ ದೋಷಗಳಲ್ಲಿ ಹೆಚ್ಚಿನವು ದುಡ್ಡಿಲ್ಲದೆ ಹುಟ್ಟಿದವಲ್ಲ. ಚೆಂಡು ತೊಳೆಯಲು ಎಷ್ಟು ಖರ್ಚು? ಚಾಕ್ ಪುಡಿ ಮೆತ್ತಿದ ಚೆಂಡುಗಳು ಒಂದಕ್ಕೊಂದು ತಾಗುವಾಗ ಕ್ಷಣ ಅಂಟಿಕೊಂಡಂತಾಗಿ ದಾರಿ ತಪ್ಪುತ್ತವೆ, ಕಿಕ್ ಎನ್ನುವುದು ಅದನ್ನೇ. ದೊಡ್ಡ ಪಂದ್ಯದಲ್ಲಿ ರೆಫ್ರಿ ಕೈಗವಸು ಹಾಕಿ ಚೆಂಡು ಒರೆಸುತ್ತಾರೆ. ನಮ್ಮಲ್ಲಿ ಚೆಂಡಿಗೆ ಸ್ನಾನವೇ ಇಲ್ಲ. ಕಳೆದುಹೋದ ಬಿಳಿ ಚೆಂಡಿನ ಜಾಗಕ್ಕೆ ಬೇರೆ ಸೆಟ್ಟಿನ ಸವೆದ ಚೆಂಡು ತಂದಿಡುವುದು ಬಡತನವಲ್ಲ, ಉಡಾಫೆ. ಗಿರಾಕಿ ಬಂದಾಗ ಎಸಿ ಹಾಕಿ ಹೋದೊಡನೆ ಆರಿಸಿ, ಮಳೆಗಾಲದಲ್ಲಿ ಹೊದಿಕೆಯೂ ಇಲ್ಲದೆ ರಾತ್ರಿಯಿಡೀ ಬಿಟ್ಟ ಬಟ್ಟೆ ತೇವ ಹೀರಿ ಭಾರವಾಗುತ್ತದೆ. ಜೂನ್ ಜುಲೈನಲ್ಲಿ ಮಂಗಳೂರಿನಲ್ಲಿ ಆಡಿದವರಿಗೆ ಹೇಳಬೇಕಾಗಿಲ್ಲ, ಅಂಗೈ ಹುಣ್ಣಿಗೆ ಕನ್ನಡಿ ಬೇಡ.

ದರದ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ. ಗಂಟೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ಕಡೆ ಟೇಬಲ್ ನಿಧಾನವಾದಷ್ಟೂ ಫ್ರೇಮ್ ಎಳೆಯುತ್ತದೆ, ಮೀಟರ್ ಓಡುತ್ತದೆ. ಬಟ್ಟೆ ಬದಲಿಸಲು ಮಾಲೀಕನಿಗೆ ಅವಸರ ಯಾಕೆ? ಫ್ರೇಮ್ ಲೆಕ್ಕದಲ್ಲಿ ತೆಗೆದುಕೊಳ್ಳುವ ಕಡೆ ಫ್ರೇಮ್ ಬೇಗ ಮುಗಿದಷ್ಟೂ ಲಾಭ. ಅಲ್ಲಿ ಪಾಕೆಟ್ ಬಾವಿಯಾಗುತ್ತದೆ. ಎಲ್ಲ ಮಾಲೀಕರೂ ಹೀಗೆ ಲೆಕ್ಕ ಹಾಕಿ ಕೂತಿದ್ದಾರೆ ಎನ್ನುತ್ತಿಲ್ಲ. ಟೇಬಲ್ ಕೆಟ್ಟರೆ ತನಗೆ ನಷ್ಟ ಎಂಬ ಭಯ ಯಾರಿಗೂ ಇಲ್ಲ ಎನ್ನುತ್ತಿದ್ದೇನೆ. ಆ ಭಯ ಹುಟ್ಟಿಸಬೇಕಾದವರು ಗಿರಾಕಿಗಳು. ಅವರೋ ಗಾದೆ ಹೇಳಿಕೊಂಡು ನಗುತ್ತಿದ್ದಾರೆ. ಈ ಆಟ ನಮಗೆ ಹೊಸದು,‌ ತಿಳಿವಳಿಕೆ ಇನ್ನೂ ಬರಬೇಕು ಎಂಬ ನೆಪವೂ ನಡೆಯದು. ಸ್ನೂಕರಿನ ನಿಯಮಗಳು 1882ರಲ್ಲಿ ಗೋಡೆ ಏರಿದ್ದು ಮೈಸೂರಿನ ಪಕ್ಕದ ಊಟಿಯ ಕ್ಲಬ್ಬಿನಲ್ಲಿ.

ಹಾಗಾದರೆ ಹಾಲ್‌ಗಳನ್ನು ಹೋಲಿಸುವುದು ಹೇಗೆ? ಯಂತ್ರ ಬೇಕಿಲ್ಲ, ಐದು ನಿಮಿಷ ಸಾಕು. ಮೊದಲು ಒಂದು ಚೆಂಡನ್ನು ಉದ್ದದ ಕುಷನ್ನಿನಿಂದ ನಾಲ್ಕು ಬೆರಳು ಈಚೆಗೆ, ಆ ತುದಿ ಮುಟ್ಟಿ ಸಾಯುವಷ್ಟು ಮೆಲ್ಲಗೆ ಉರುಳಿಸಿ. ಅದೇ ಗೆರೆಯಲ್ಲಿ ಆ ಕಡೆಯಿಂದ ಈ ಕಡೆಗೂ ಉರುಳಿಸಿ. ಎರಡು ಸಲವೂ ಒಂದೇ ಕುಷನ್ನಿನ ಕಡೆಗೆ ವಾಲಿದರೆ ಟೇಬಲ್ಲೇ ಆ ಕಡೆಗೆ ಇಳಿದಿದೆ. ಸ್ನೂಕರ್ ಟೇಬಲ್ಲಿನಲ್ಲಿ ಅಡ್ಡಕ್ಕೆ ಉರುಳಿಸಿದ ಚೆಂಡು ಕಪ್ಪು ಚೆಂಡಿನ ತುದಿಗೆ ತುಸು ಸರಿದರೆ ಗಾಬರಿ ಬೇಡ, ಅದು ನ್ಯಾಪಿನ ಗುಣ. ಎರಡನೆಯದಾಗಿ, ಬಿಳಿ ಚೆಂಡನ್ನು ನಡುವಿನಲ್ಲಿ ಗಟ್ಟಿಯಾಗಿ ಹೊಡೆದು ಉದ್ದಕ್ಕೆ ಓಡಿಸಿ. ಪೂಲ್ ಟೇಬಲ್ಲಿನಲ್ಲಿ ಅದು ಹಾರದೆ ನಾಲ್ಕರಿಂದ ನಾಲ್ಕೂವರೆ ಉದ್ದ ಓಡಬೇಕೆಂಬುದು ನಿಯಮ. ಮೂರಕ್ಕೇ ಉಸಿರು ಬಿಟ್ಟರೆ ಕುಷನ್ ಸತ್ತಿದೆ, ಇಲ್ಲವೇ ಬಟ್ಟೆ ಸತ್ತಿದೆ. ಮೂರನೆಯದಾಗಿ, ಪೂಲ್ ಟೇಬಲ್ಲಿನ ಮೂಲೆ ಪಾಕೆಟ್ಟಿನ ಬಾಯಿಗೆ ಎರಡು ಪೂಲ್ ಚೆಂಡು ಪಕ್ಕಪಕ್ಕ ಇಡಿ. ಬಾಯಿ ಹೆಚ್ಚುಕಡಿಮೆ ತುಂಬಬೇಕು. ನಡುವೆ ಬೆರಳು ಆಡಿದರೆ ಯಾರೋ ಕತ್ತರಿ ಆಡಿಸಿದ್ದಾರೆ. ನಾಲ್ಕನೆಯದು ಕಣ್ಣಿನ ಕೆಲಸ: ಬ್ರೇಕ್ ಹೊಡೆಯುವ ಜಾಗದಲ್ಲಿ ಬಿಳಿ ಸುಟ್ಟ ಗೆರೆ, ಕಪ್ಪು ಚೆಂಡಿನ ಸ್ಪಾಟ್ ಸುತ್ತ ಗುಳಿ, ಪಾಕೆಟ್ ಮುಂದೆ ಹೊಳೆಯುವ ಜಾಡು ಕಂಡರೆ ಆ ಬಟ್ಟೆಯ ಆಯಸ್ಸು ಮುಗಿದಿದೆ. ಕೊನೆಗೆ ಕ್ಯೂ ಅನ್ನು ಟೇಬಲ್ ಮೇಲೆ ಉರುಳಿಸಿ. ತುದಿ ಕುಣಿದರೆ ಅದನ್ನು ಗೋಡೆಗೇ ವಾಪಸ್ ಕೊಡಿ.

ಈ ಪರೀಕ್ಷೆಯಲ್ಲಿ ಪೂರ್ತಿ ಪಾಸಾಗುವ ಪಾರ್ಲರ್ ಅಪರೂಪ ಎಂದು ನನಗೂ ಗೊತ್ತು. ಸೋತ ಕಡೆ ಆಡಲೇಬೇಡಿ ಎಂದು ಹೇಳುತ್ತಿಲ್ಲ. ಗೆಳೆಯರ ಜೊತೆ ಸಂಜೆ ಕಳೆಯಲು ಹೋದವರಿಗೆ ಅರ್ಧ ಮಿಲಿಮೀಟರ್ ಲೆಕ್ಕ ಬೇಕಿಲ್ಲ. ಆದರೆ ಪಾರ್ಲರನ್ನು ಹೊಗಳುವಾಗ, ಇನ್ನೊಬ್ಬರಿಗೆ ಶಿಫಾರಸು ಮಾಡುವಾಗ, ಮಗನನ್ನೋ ಮಗಳನ್ನೋ ಕಲಿಯಲು ಕಳಿಸುವಾಗ ಎಸಿಯ ಮಾತು ಕೊನೆಗಿರಲಿ, ಟೇಬಲ್ಲಿನ ಮಾತು ಮೊದಲಿರಲಿ. ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಮನಸ್ಸು ಮಾಡಿದರೆ, ಕೇಳಿದ ಪಾರ್ಲರುಗಳಿಗೆ ವರ್ಷಕ್ಕೊಮ್ಮೆ ಫಿಟ್ಟರ್ ಒಬ್ಬರನ್ನು ಕಳಿಸಿ ಟೇಬಲ್ ಅಳೆದು ದರ್ಜೆ ಕೊಡುವುದು ದೊಡ್ಡ ಕೆಲಸವೇನಲ್ಲ. ಮಾರ್ಕರುಗಳಿಗೆ ನಾಲ್ಕು ದಿನದ ತರಬೇತಿ ಕೊಟ್ಟರೆ ಇನ್ನೂ ಒಳ್ಳೆಯದು.

ಅದಾಗುವವರೆಗೆ ಓದುಗರಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಕೌಂಟರಿನಲ್ಲಿ ದುಡ್ಡು ತೆಗೆಯುವ ಮೊದಲು ಮೂರು ತಾರೀಕು ಕೇಳಿ: ಬಟ್ಟೆ ಹಾಕಿಸಿದ್ದು ಯಾವಾಗ, ಮಟ್ಟ ನೋಡಿಸಿದ್ದು ಯಾವಾಗ, ಚೆಂಡು ಬದಲಿಸಿದ್ದು ಯಾವಾಗ. ಮೂರನ್ನೂ ಬೋರ್ಡಿನ ಮೇಲೆ ಬರೆದಿಟ್ಟ ಪಾರ್ಲರಿಗೆ ಐವತ್ತು ರೂಪಾಯಿ ಹೆಚ್ಚೇ ಕೊಡಿ. ಮೂರರಲ್ಲಿ ಒಂದನ್ನೂ ಹೇಳಲಾರದ ಪಾರ್ಲರ್ ಗಂಟೆಗೆ ಎಷ್ಟು ಕೇಳಿದರೂ ಅದು ದುಬಾರಿಯೇ.